ಇನ್ನೊಬ್ಬರ ಮನೆಯ ಲೆಕ್ಕ

ನಮ್ಮ ಬಂಧುಬಳಗದ ಮದುವೆ, ಗೃಹಪ್ರವೇಶಗಳಿಗೆ ಹೋದಾಗ "ಮಗ ಸಾಫ್ಟ್‌ವೇರ್‌ನಲ್ಲಿದ್ದಾನೆ, ಅಮೆರಿಕದ ಪ್ರಾಜೆಕ್ಟ್ ಮಾಡುತ್ತಿದ್ದಾನೆ" ಎಂಬ ಮಾತು ಈಗ ಪ್ರತಿ ಪಂಕ್ತಿಯಲ್ಲಿಯೂ ಕೇಳಿಬರುತ್ತದೆ. ಆ ಪ್ರಾಜೆಕ್ಟ್ ಎಂದರೇನು, ಅದು ಯಾರದು, ಅದೇಕೆ ವರ್ಷಗಟ್ಟಲೆ ಮುಗಿಯುವುದಿಲ್ಲ ಎಂಬುದು ಹೇಳುವ ತಂದೆತಾಯಿಗಳಿಗೂ ಸ್ಪಷ್ಟವಿರುವುದಿಲ್ಲ. ಕೇಳುವವರು ಸಂಕೋಚದಿಂದ ಮುಂದೆ ಕೇಳುವುದಿಲ್ಲ. ಒಂದೇ ಗ್ರಾಹಕ ಸಂಸ್ಥೆಯ ಕೆಲಸದಲ್ಲಿ 1998ರಿಂದ 2009ರವರೆಗೆ ಹನ್ನೊಂದು ವರ್ಷ ಕಳೆದವನಾದ್ದರಿಂದ ಈ ವಿಷಯವನ್ನು ಓದುಗ ಬಂಧುಗಳ ಮುಂದಿಡಲು ಬಯಸುತ್ತೇನೆ.

ನನ್ನ ತಂದೆಯವರು ಬ್ಯಾಡಗಿಯ ಮೆಣಸಿನಕಾಯಿ ಪೇಟೆಯಲ್ಲಿ ಒಂದು ದಲಾಲಿ ಅಂಗಡಿಯ ಲೆಕ್ಕ ಬರೆಯುತ್ತಿದ್ದರು. ನಾನು ಮೊದಲ ಸಲ ಅಮೆರಿಕಕ್ಕೆ ಹೊರಟಾಗ ಅವರು ಕೇಳಿದ್ದರು: "ಪಗಾರ ಕೊಡೋರು ಬೆಂಗಳೂರಾಗ, ಕೆಲಸ ಹೇಳೋರು ಅಮೆರಿಕಾದಾಗ. ಹಂಗಾದ್ರ ತಮ್ಮಾ, ನೀ ಯಾರ ಮನ್ಯಾಗಿನ ಆಳು?" ನಾನು ನಕ್ಕು ಸುಮ್ಮನಾದೆ. ಕನ್ಸಲ್ಟೆಂಟ್ ಎಂಬ ಹುದ್ದೆಯ ಇಕ್ಕಟ್ಟೆಲ್ಲ ಆ ಪ್ರಶ್ನೆಯಲ್ಲಿಯೇ ಇತ್ತೆಂಬುದು ತಿಳಿಯಲು ನನಗೆ ಬಹಳ ಕಾಲ ಹಿಡಿಯಿತು.

ಈ ಕೆಲಸದಲ್ಲಿ ಒಪ್ಪಂದಗಳು ಮುಖ್ಯವಾಗಿ ಎರಡು ಬಗೆ. ಇಷ್ಟು ಕೆಲಸಕ್ಕೆ ಇಷ್ಟು ಹಣವೆಂದು ಮೊದಲೇ ಗೊತ್ತುಪಡಿಸುವುದು ಒಂದು, ಅದು ಗುತ್ತಿಗೆಯಂತೆ. ದುಡಿದ ಗಂಟೆಗಳನ್ನು ಲೆಕ್ಕ ಹಾಕಿ ಹಣ ಪಡೆಯುವುದು ಇನ್ನೊಂದು, ಅದು ದಿನಗೂಲಿಯಂತೆ. ದೀರ್ಘಕಾಲದ ಪ್ರಾಜೆಕ್ಟುಗಳಲ್ಲಿ ಈ ಎರಡನೆಯ ಬಗೆಯೇ ಸಾಮಾನ್ಯ. ವಾರಕ್ಕೊಮ್ಮೆ ಟೈಮ್‌ಶೀಟ್ ಎಂಬ ಹಾಳೆಯಲ್ಲಿ ಗಂಟೆಗಳನ್ನು ತುಂಬಬೇಕು. ಅದರ ಮೇಲೆಯೇ ಗ್ರಾಹಕ ಸಂಸ್ಥೆಗೆ ಬಿಲ್ಲು ಹೋಗುತ್ತದೆ. ನೌಕರನಿಗೆ ಸಿಗುವುದು ಮಾತ್ರ ತನ್ನ ಕಂಪನಿಯ ತಿಂಗಳ ಸಂಬಳ. ಕೋಟು ತೊಟ್ಟು ಕುಳಿತರೂ ಕೂಲಿಯ ಲೆಕ್ಕ ತಪ್ಪಿದ್ದಲ್ಲವೆಂದು ನಾವು ಗೆಳೆಯರು ಹಾಸ್ಯ ಮಾಡಿಕೊಳ್ಳುತ್ತಿದ್ದೆವು.

ನಾನು ಹೋದದ್ದು ಕನೆಕ್ಟಿಕಟ್ ರಾಜ್ಯದ ರಾಜಧಾನಿಯಾದ ಹಾರ್ಟ್‌ಫರ್ಡ್ ನಗರಕ್ಕೆ. ವಿಮಾ ವ್ಯವಹಾರಕ್ಕೆ ಆ ಊರು ಬಹುಕಾಲದಿಂದ ಹೆಸರುವಾಸಿ. ಅಲ್ಲಿನ ಒಂದು ಜೀವವಿಮಾ ಕಂಪನಿಯ ಲೆಕ್ಕವೆಲ್ಲ ಕೋಬಾಲ್ ಎಂಬ ಭಾಷೆಯಲ್ಲಿ ಬರೆದ ಹಳೆಯ ಪ್ರೋಗ್ರಾಂಗಳಲ್ಲಿತ್ತು. ಕೋಬಾಲ್ ರೂಪುಗೊಂಡದ್ದು 1959ರಲ್ಲಿ. ಆಗ ಕಂಪ್ಯೂಟರಿನ ಸ್ಮರಣೆಯ ಜಾಗ ಬಲು ದುಬಾರಿಯಾದ್ದರಿಂದ ಇಸವಿಯ ಕೊನೆಯ ಎರಡು ಅಂಕಿಗಳನ್ನಷ್ಟೇ ಬರೆಯುವ ರೂಢಿ ಬೆಳೆಯಿತು. 1998 ಎಂದರೆ 98. ಹೀಗಾದರೆ 2000ನೆಯ ಇಸವಿ ಬಂದಾಗ ಯಂತ್ರವು 00 ಎಂಬುದನ್ನು 1900 ಎಂದು ತಿಳಿಯುತ್ತದೆ. ಅದನ್ನು ಸರಿಪಡಿಸಲೆಂದೇ ಭಾರತದಿಂದ ಸಾವಿರಾರು ಜನ ಹೋದೆವು.

ಸುಲಭೋಪಾಯವೊಂದಿತ್ತು: 00ಯಿಂದ 49ರವರೆಗಿನ ಅಂಕಿಗಳನ್ನು 2000ದ ನಂತರದವೆಂದೂ, 50ರಿಂದ 99ರವರೆಗಿನವನ್ನು 1900ರ ನಂತರದವೆಂದೂ ಯಂತ್ರಕ್ಕೆ ತಿಳಿಸಿಬಿಡುವುದು. ಬೇರೆ ವ್ಯವಹಾರಗಳಲ್ಲಿ ಇದು ನಡೆಯುತ್ತಿತ್ತು. ಜೀವವಿಮೆಯಲ್ಲಿ ನಡೆಯದು. 1925ರಲ್ಲಿ ಹುಟ್ಟಿದ ಅಜ್ಜಿಯೊಬ್ಬಳನ್ನು ಯಂತ್ರವು ಇನ್ನೂ ಹುಟ್ಟದವಳೆಂದು ಬಗೆದರೆ ಪಾಲಿಸಿಯ ಗತಿಯೇನು? ಆದ್ದರಿಂದ ಜನ್ಮದಿನಾಂಕಗಳಿಗೆಲ್ಲ ನಾಲ್ಕು ಅಂಕಿಗಳ ಜಾಗ ಮಾಡಿಕೊಡಬೇಕಾಯಿತು. ಒಂದೊಂದು ಕಡತ ಬದಲಾದಾಗಲೂ ಅದನ್ನು ಓದುವ ಎಲ್ಲ ಪ್ರೋಗ್ರಾಂಗಳೂ ಬದಲಾಗಬೇಕು. ಹದಿನೆಂಟು ತಿಂಗಳು ಅದೇ ಕೆಲಸ.

2000ದ ಜನವರಿ 1 ಸುಖವಾಗಿ ಕಳೆಯಿತು. ತಪ್ಪು ಕಂಡದ್ದು ಫೆಬ್ರುವರಿ 25ರ ಶುಕ್ರವಾರ ಸಂಜೆ. ನೂರರಿಂದ ಭಾಗವಾಗುವ ವರ್ಷ ಅಧಿಕ ವರ್ಷವಲ್ಲ, ಆದರೆ ನಾನೂರರಿಂದ ಭಾಗವಾದರೆ ಅಧಿಕ ವರ್ಷವೇ ಎಂಬುದು ಪಂಚಾಂಗದ ನಿಯಮ. ಹೀಗಾಗಿ 1900ಕ್ಕೆ ಫೆಬ್ರುವರಿ 29 ಇಲ್ಲ, 2000ಕ್ಕೆ ಇದೆ. ಪಾಲಿಸಿಯ ಮೇಲಿನ ಸಾಲಕ್ಕೆ ಬಡ್ಡಿ ಹಾಕುವ ದಿನಗಳನ್ನು ಎಣಿಸುವ ಒಂದು ಪ್ರೋಗ್ರಾಮಿನಲ್ಲಿ ನಿಯಮದ ಮೊದಲ ಅರ್ಧ ಮಾತ್ರ ಇತ್ತು. ಅದನ್ನು ಪರೀಕ್ಷಿಸಿ ಸರಿಯಾಗಿದೆಯೆಂದು ಸಹಿ ಹಾಕಿದವನು ನಾನೇ.

ನಮ್ಮ ಮೇಲಧಿಕಾರಿಗಳಿಗೆ ಫೋನು ಮಾಡಿದೆ. ಬೇರೆ ಬದಲಾವಣೆಗಳ ಜೊತೆ ಸೇರಿಸಿ ಸದ್ದಿಲ್ಲದೆ ತಿದ್ದಿಬಿಡಿ, ಒಪ್ಪಂದ ಮುಂದುವರಿಯುವ ಹೊತ್ತಿನಲ್ಲಿ ಇದನ್ನು ಹೇಳಿಕೊಳ್ಳುವುದೇಕೆ ಎಂದರು. ಅವರನ್ನು ದೂಷಿಸಲಾರೆ, ಇಪ್ಪತ್ತು ಜನರ ಕೆಲಸ ಆ ಒಪ್ಪಂದವನ್ನು ಅವಲಂಬಿಸಿತ್ತು. ಆದರೆ ಬಡ್ಡಿ ತಪ್ಪಾಗಿ ಬೀಳುವುದು ಯಾರೋ ಕಂಡರಿಯದ ಪಾಲಿಸಿದಾರರ ಮೇಲೆ. ಗ್ರಾಹಕ ಸಂಸ್ಥೆಯಲ್ಲಿ ಆ ವಿಭಾಗವನ್ನು ನೋಡಿಕೊಳ್ಳುತ್ತಿದ್ದ ಹಿರಿಯ ಮಹಿಳೆಯ ಬಳಿ ಹೋಗಿ ಇದ್ದದ್ದನ್ನು ಹೇಳಿದೆ. ಅವರು ಸಿಟ್ಟಾಗಲಿಲ್ಲ. ಎಷ್ಟು ಪ್ರೋಗ್ರಾಂಗಳು ಇದನ್ನು ಬಳಸುತ್ತವೆ, ಎಷ್ಟು ಪಾಲಿಸಿಗಳಿಗೆ ತಟ್ಟುತ್ತದೆ, ಎಂದು ಸರಿಯಾಗುತ್ತದೆ ಎಂದು ಮೂರೇ ಪ್ರಶ್ನೆ ಕೇಳಿದರು. ಶನಿವಾರ, ಭಾನುವಾರ ಅವರೂ ನನ್ನೊಡನೆ ಕುಳಿತರು. ಆ ಎರಡು ದಿನಗಳ ಗಂಟೆಗಳನ್ನು ನಾನು ಟೈಮ್‌ಶೀಟಿನಲ್ಲಿ ಬರೆಯಲಿಲ್ಲ. ನಮ್ಮ ಕಂಪನಿಗೆ ಇದು ರುಚಿಸಲಿಲ್ಲ.

ಮಾರ್ಚಿಗೆ ಮುಗಿಯಬೇಕಿದ್ದ ಕೆಲಸ ಮುಗಿಯಲಿಲ್ಲ; ಇಡೀ ವ್ಯವಸ್ಥೆಯ ನಿರ್ವಹಣೆಯೇ ನಮ್ಮ ಪಾಲಿಗೆ ಬಂದಿತು. ನಿಜ ಹೇಳಿದ್ದರಿಂದಲೇ ಹೀಗಾಯಿತೆಂದು ನಾನು ಹೇಳಲಾರೆ. ನಮ್ಮ ದರವೂ ಕಡಿಮೆಯಿತ್ತು.

ಇಂಥ ಪ್ರಾಜೆಕ್ಟ್ ಏಕೆ ಮುಗಿಯುವುದಿಲ್ಲವೆಂದರೆ, 1970ರ ದಶಕದಲ್ಲಿ ಮಾರಿದ ಒಂದು ಪಾಲಿಸಿಯ ಮಾರಾಟ ನಿಂತು ಎಷ್ಟೋ ಕಾಲವಾಗಿರಬಹುದು, ಆದರೆ ಅದನ್ನು ಕೊಂಡವರು ಬದುಕಿದ್ದಾರೆ. ಕೊನೆಯ ಪಾಲಿಸಿದಾರರ ಹಣ ಸಂದಾಯವಾಗುವವರೆಗೂ ಅದರ ಲೆಕ್ಕ ನಡೆಯುತ್ತಲೇ ಇರಬೇಕು. ಬರೆದವರು ನಿವೃತ್ತರಾಗಿದ್ದಾರೆ. ಒಂದು ಸಾಲು ಏಕಿದೆಯೆಂದು ತಿಳಿಯಲು ಕೆಲವೊಮ್ಮೆ ವಾರ ಹಿಡಿಯುತ್ತಿತ್ತು. ಹೊಸದನ್ನು ಬರೆದದ್ದಕ್ಕಿಂತ ಹಳೆಯದನ್ನು ಓದಿದ ಗಂಟೆಗಳೇ ನನ್ನ ಜೀವನದಲ್ಲಿ ಹೆಚ್ಚು.

ಎಚ್-1ಬಿ ವೀಸಾದ ಅವಧಿ ಮೊದಲು ಮೂರು ವರ್ಷ. ವಿಸ್ತರಿಸಿದರೆ ಸಾಮಾನ್ಯವಾಗಿ ಒಟ್ಟು ಆರು. ಮಡದಿಗೆ ದೊರೆಯುವ ಎಚ್-4 ವೀಸಾದಲ್ಲಿ ಆ ದಿನಗಳಲ್ಲಿ ದುಡಿಯಲು ಅನುಮತಿಯಿರಲಿಲ್ಲ. 2015ರ ನಂತರವೇ ಕೆಲವರಿಗೆ ಅದು ಸಿಕ್ಕಿತು. ಬಿ.ಎಡ್. ಮುಗಿಸಿ ಹಾವೇರಿಯ ಶಾಲೆಯೊಂದರಲ್ಲಿ ಕಲಿಸುತ್ತಿದ್ದ ನನ್ನ ಮನೆಯವರು ಹಿಮ ಬೀಳುವ ಊರಿನ ಎರಡು ಕೋಣೆಗಳಲ್ಲಿ ವರ್ಷಗಟ್ಟಲೆ ಕುಳಿತರು. ಈ ಲೆಕ್ಕವನ್ನು ಯಾವ ಟೈಮ್‌ಶೀಟಿನಲ್ಲಿಯೂ ಬರೆಯುವುದಿಲ್ಲ. ಮಗಳನ್ನು ವಿದೇಶದಲ್ಲಿರುವ ವರನಿಗೆ ಕೊಡುವ ಹಿರಿಯರು ಸಂಬಳದ ಜೊತೆಗೆ ವೀಸಾದ ಬಗೆಯನ್ನೂ ಕೇಳಿ ತಿಳಿಯುವುದು ಒಳ್ಳೆಯದು.

2004ರಲ್ಲಿ ಬೆಂಗಳೂರಿಗೆ ಮರಳಿದೆವು. ಕೆಲಸ ಮಾತ್ರ ಅದೇ. ಚಳಿಗಾಲದಲ್ಲಿ ಹಾರ್ಟ್‌ಫರ್ಡಿಗೂ ನಮಗೂ ಹತ್ತೂವರೆ ಗಂಟೆಗಳ ಅಂತರ, ಬೇಸಿಗೆಯಲ್ಲಿ ಅವರು ಗಡಿಯಾರವನ್ನು ಮುಂದೂಡುವುದರಿಂದ ಒಂಬತ್ತೂವರೆ. ಅಲ್ಲಿ ರಾತ್ರಿ ಹನ್ನೊಂದಕ್ಕೆ ದಿನದ ಲೆಕ್ಕವೆಲ್ಲ ಓಡತೊಡಗಿದಾಗ ಚಳಿಗಾಲವಾದರೆ ಇಲ್ಲಿ ಬೆಳಿಗ್ಗೆ ಒಂಬತ್ತೂವರೆ. ಅವರು ಮಲಗಿದಾಗ ನಾವು ಕಾವಲು. ಅವರ ಬೆಳಗಿನ ಸಭೆ ನಮ್ಮ ರಾತ್ರಿಯ ಊಟದ ಹೊತ್ತು. ಹೀಗೆ ಹಗಲೂ ಅವರದು, ಸಂಜೆಯೂ ಅವರದು.

ವರ್ಷಗಳು ಉರುಳಿದಂತೆ ಬಡ್ಡಿ, ಬೋನಸ್ಸುಗಳ ಲೆಕ್ಕ ನನಗೊಬ್ಬನಿಗೇ ಗೊತ್ತೆಂಬ ಸ್ಥಿತಿ ಬಂದಿತು. ನನಗದು ಹೆಮ್ಮೆಯಾಗಿತ್ತೆಂದು ಒಪ್ಪಿಕೊಳ್ಳುತ್ತೇನೆ. ಜೊತೆಗಾರರು ಜಾವಾ ಮೊದಲಾದ ಹೊಸ ವಿದ್ಯೆಗಳಿಗೆ ಹೋದರು, ನಾನು ಹೋಗಲಿಲ್ಲ. 2007ರ ಡಿಸೆಂಬರಿನಲ್ಲಿ ತಂದೆಯವರಿಗೆ ಎದೆನೋವು ಬಂದು ಹುಬ್ಬಳ್ಳಿಯ ಆಸ್ಪತ್ರೆಗೆ ಸೇರಿಸಿದರೆಂದು ಅವ್ವ ಫೋನು ಮಾಡಿದಳು. ವರ್ಷಾಂತ್ಯದ ಲೆಕ್ಕ ಓಡುತ್ತಿತ್ತು. ಬಿಟ್ಟು ಹೋಗಲು ಬೇರೆ ಯಾರಿಗೂ ಅದು ತಿಳಿಯದು. ನಾನು ಹುಬ್ಬಳ್ಳಿ ತಲುಪಿದ್ದು ಮೂರನೆಯ ದಿನ.

ಅಪ್ಪ ಚೇತರಿಸಿಕೊಂಡಿದ್ದರು. ನಾನು ಕಾರಣ ಹೇಳಿದ್ದನ್ನೆಲ್ಲ ಕೇಳಿ ನಿಧಾನವಾಗಿ ಅಂದರು: "ನಾ ನಲವತ್ತು ವರ್ಷ ಲೆಕ್ಕಾ ಬರದೆ. ನಾ ಜ್ವರಾ ಬಂದು ಮಲಗಿದ್ರ ಅಂಗಡಿ ನಿಂದರತಿರಲಿಲ್ಲ. ಕಿರ್ದಿ ತಗದ್ರ ಯಾರಿಗಾದ್ರೂ ತಿಳೀತಿತ್ತು. ನಿಂದ್ಯಾಕ ಹಂಗಿಲ್ಲ?"

ನನ್ನಲ್ಲಿ ಉತ್ತರವಿರಲಿಲ್ಲ. ಬೆಂಗಳೂರಿಗೆ ಮರಳಿದ ಮೇಲೆ ಬರೆಯತೊಡಗಿದೆ. ಪ್ರೋಗ್ರಾಂ ಏನು ಮಾಡುತ್ತದೆಂಬುದನ್ನು ಯಾರಾದರೂ ಓದಿ ತಿಳಿಯಬಹುದು. ಏಕೆ ಹಾಗೆ ಮಾಡುತ್ತದೆ, ಯಾರ ಮಾತಿನ ಮೇಲೆ ಬದಲಾಯಿಸಿದ್ದು, ಮುಟ್ಟಿದರೆ ಎಲ್ಲಿ ಕೆಡುತ್ತದೆ ಎಂಬುದನ್ನು ಬರೆದೆ. ಹದಿನಾಲ್ಕು ತಿಂಗಳು ಹಿಡಿಯಿತು. "ಸರ್, ಕೂತ ಕೊಂಬೆಯನ್ನೇ ಕಡಿಯುತ್ತಿದ್ದೀರಿ" ಎಂದು ಕಿರಿಯ ಸಹೋದ್ಯೋಗಿಯೊಬ್ಬರು ನಕ್ಕರು.

ಅವರ ಮಾತು ಸುಳ್ಳಾಗಲಿಲ್ಲ. 2008ರ ಆರ್ಥಿಕ ಕುಸಿತದ ನಂತರ ಗ್ರಾಹಕ ಸಂಸ್ಥೆ ಖರ್ಚು ಇಳಿಸಿತು. ತಂಡದಲ್ಲಿ ಹೆಚ್ಚಿನ ದರ ನನ್ನದು. ಬರೆದಿಟ್ಟದ್ದನ್ನು ಓದಿಕೊಂಡು ಇಬ್ಬರು ಹುಡುಗರು ಕೆಲಸ ನಡೆಸಬಲ್ಲವರಾಗಿದ್ದರು. 2009ರ ಜೂನಿನಲ್ಲಿ ನನ್ನನ್ನು ಬಿಡುಗಡೆ ಮಾಡಿದರು. ಕೆಲಸವಿಲ್ಲದೆ ಕಂಪನಿಯಲ್ಲಿ ಕಾಯುವುದಕ್ಕೆ ನಮ್ಮಲ್ಲಿ ಬೆಂಚ್ ಎನ್ನುತ್ತಾರೆ. ನಾಲ್ಕು ತಿಂಗಳು ಬೆಂಚಿನ ಮೇಲಿದ್ದೆ. ಮನೆಯ ಸಾಲದ ಕಂತು ತಿಂಗಳು ತಿಂಗಳೂ ಕಟ್ಟಬೇಕಿತ್ತು. ನಲವತ್ತನೆಯ ವಯಸ್ಸಿನಲ್ಲಿ ಇಪ್ಪತ್ತೆರಡರ ಹುಡುಗರ ಪಕ್ಕದಲ್ಲಿ ಕುಳಿತು ಹೊಸ ಪಾಠ ಕಲಿಯುವ ಮುಜುಗರವನ್ನು ಅನುಭವಿಸಿದೆ. ಬರೆದಿಡದಿದ್ದರೆ ಇನ್ನೆರಡು ವರ್ಷ ಉಳಿಯುತ್ತಿದ್ದೆನೇನೋ ಎಂದು ಕೆಲವು ರಾತ್ರಿ ಅನಿಸಿದ್ದೂ ಉಂಟು. ಕೊನೆಗೆ ಒಂದು ಬ್ಯಾಂಕಿನ ಹಳೆಯ ವ್ಯವಸ್ಥೆಯನ್ನು ಹೊಸದಕ್ಕೆ ಸಾಗಿಸುವ ಕೆಲಸ ದೊರೆಯಿತು. ಅಲ್ಲಿ ನನ್ನನ್ನು ಆರಿಸಿದ್ದು ಹಳೆಯದನ್ನು ಓದಬಲ್ಲೆನೆಂಬ ಕಾರಣಕ್ಕೆ.

2011ರ ದೀಪಾವಳಿಗೆ ಬ್ಯಾಡಗಿಯಲ್ಲಿದ್ದೆ. ಆ ಇಬ್ಬರು ಹುಡುಗರಲ್ಲಿ ಒಬ್ಬನ ಫೋನು ಬಂದಿತು. "ಸರ್, ಈ ಸಾಲನ್ನು ತೆಗೆಯಬಾರದೆಂದು ನಿಮ್ಮ ಹೆಸರಿನ ಅಕ್ಷರ, ತಾರೀಖು ಹಾಕಿದ್ದೀರಿ. ಏಕೆಂದು ನೆನಪಿದೆಯೇ?" ನೆನಪಿರಲಿಲ್ಲ. ಬಡ್ಡಿಯ ಅಧ್ಯಾಯವನ್ನು ತೆರೆದು ನೋಡಪ್ಪ ಎಂದೆ. ಎರಡು ನಿಮಿಷದ ಮೇಲೆ ಅವನೇ ಓದಿ ಹೇಳಿದ. ಕಾರಣ ಅಲ್ಲಿಯೇ ಇತ್ತು.

ಕಟ್ಟೆಯ ಮೇಲೆ ಕುಳಿತಿದ್ದ ಅಪ್ಪ ಕೇಳಿದರು, "ಯಾರ್ದು ಫೋನು?"

"ಹಳೇ ಅಂಗಡೀದು."

"ಲೆಕ್ಕಾ ಸಿಕ್ತೇನು?"

"ಸಿಕ್ತು" ಎಂದೆ.