ರಂಗಮಂದಿರಕ್ಕೂ ಬಯಲಿಗೂ ಒಂದೇ ನಾಟಕ: ವಿದ್ಯಾರ್ಥಿ ತಂಡಕ್ಕೊಂದು ಕೈಪಿಡಿ

ವಿಶ್ವವಿದ್ಯಾಲಯದ ರಂಗ ವಿಭಾಗವೊಂದು ಸಮಕಾಲೀನ ನಾಟಕ ಆಡಿಸಲು ಹೊರಟಾಗ ಮೊದಲು ಏಳುವ ಪ್ರಶ್ನೆ, ಯಾವ ನಾಟಕ ಎಂಬುದು. ಬೆಳಗಾವಿ ಭಾಗದಲ್ಲಿ ಅದರ ಬೆನ್ನಿಗೇ ಇನ್ನೊಂದನ್ನೂ ಕೇಳಿಕೊಳ್ಳಬೇಕು: ಪ್ರದರ್ಶನ ನಗರದ ಕುಮಾರ ಗಂಧರ್ವ ರಂಗಮಂದಿರಕ್ಕೇ ಮುಗಿಯುತ್ತದೆಯೋ, ಸುಮಾರು 25 ಕಿಲೋಮೀಟರ್ ಆಚೆಯ ಖಾನಾಪುರದ ಶಾಲಾ ಮೈದಾನಕ್ಕೂ ಹೋಗುತ್ತದೆಯೋ? ಅನುಮತಿ, ಬೆಳಕು, ದನಿ ಎಲ್ಲವೂ ಈ ಉತ್ತರದ ಮೇಲೆ ನಿಂತಿವೆ.

ಕೃತಿಯ ಆಯ್ಕೆ

ಈ ಜಿಲ್ಲೆಗೆ ನಾಟಕ ಹೊಸದಲ್ಲ. 1880ರಲ್ಲಿ ‘ಶಾಕುಂತಲ’ದ ಮೂಲಕ ಮರಾಠಿ ಸಂಗೀತ ನಾಟಕಕ್ಕೆ ದಾರಿ ಹಾಕಿದ ಅಣ್ಣಾಸಾಹೇಬ ಕಿರ್ಲೋಸ್ಕರರು ಗುರ್ಲಹೊಸೂರಿನವರು. ಕಂಪನಿ ನಾಟಕದ ಏಣಗಿ ಬಾಳಪ್ಪ, ಜ್ಞಾನಪೀಠ ಪಡೆದ ಘೋಡಗೇರಿಯ ಚಂದ್ರಶೇಖರ ಕಂಬಾರರೂ ಈ ಮಣ್ಣಿನವರೇ. ಕಂಬಾರರ ‘ಜೋಕುಮಾರಸ್ವಾಮಿ’ ಉಳುವವನಿಗೂ ಗೌಡನಿಗೂ ನಡುವಿನ ಭೂಮಿಯ ಜಗಳವನ್ನು ಬಯಲಾಟದ ಚೌಕಟ್ಟಿನಲ್ಲಿ ಹೇಳುತ್ತದೆ. ಅದರ ಮಾತು ಇಲ್ಲಿನ ಹುಡುಗರ ನಾಲಗೆಗೆ ಸಲೀಸು. ಮರಾಠಿ ಮಾತಾಡುವವರು ಹೆಚ್ಚಿರುವ ಖಾನಾಪುರ ತಾಲ್ಲೂಕಿಗೆ ವಿಜಯ ತೆಂಡೂಲ್ಕರರ ‘ಶಾಂತತಾ! ಕೋರ್ಟ್ ಚಾಲೂ ಆಹೆ’ ಕನ್ನಡದಲ್ಲಿ ಹೋದರೂ ಚೆನ್ನ. ಹಳ್ಳಿಯ ಸಭಾಗೃಹವೊಂದರಲ್ಲಿ ನಡೆಯುವ ಕಥೆಯಾದ್ದರಿಂದ ಕುರ್ಚಿ, ಮೇಜು ಸಿಕ್ಕರೆ ಅರ್ಧ ರಂಗಸಜ್ಜಿಕೆ ಮುಗಿದಂತೆ.

ಹಕ್ಕಿನ ವಿಚಾರ

1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ, ಲೇಖಕರು ತೀರಿಕೊಂಡ ಮರುವರ್ಷದಿಂದ 60 ವರ್ಷ ಕೃತಿಯ ಹಕ್ಕು ಉಳಿಯುತ್ತದೆ. 1946ರಲ್ಲಿ ತೀರಿಕೊಂಡ ಕೈಲಾಸಂ ಅವರ ನಾಟಕಗಳು ಈಗ ಮುಕ್ತ. 2008ರಲ್ಲಿ ತೀರಿಕೊಂಡ ತೆಂಡೂಲ್ಕರರ ಹಕ್ಕು 2068ರ ಕೊನೆಯವರೆಗೆ ಇದೆ. ಅನುವಾದವಾದರೆ ಮೂಲ ಲೇಖಕರ ಹಕ್ಕಿನ ಜೊತೆಗೆ ಅನುವಾದಕರದೂ ಬೇರೆಯಾಗಿ ಇರುತ್ತದೆ.

ಕಾಯ್ದೆಯ 52ನೇ ಕಲಂ ಶಿಕ್ಷಣ ಸಂಸ್ಥೆಗಳಿಗೆ ಒಂದು ವಿನಾಯಿತಿ ಕೊಡುತ್ತದೆ. ಸಿಬ್ಬಂದಿ ಮತ್ತು ವಿದ್ಯಾರ್ಥಿಗಳೇ ಆಡಿ, ನೋಡುವವರೂ ಅವರೇ, ಅವರ ಪಾಲಕರು ಹಾಗೂ ಸಂಸ್ಥೆಯ ಚಟುವಟಿಕೆಗೆ ಸಂಬಂಧಪಟ್ಟವರಷ್ಟೇ ಆಗಿದ್ದರೆ ಅನುಮತಿ ಬೇಕಿಲ್ಲ. ಟಿಕೆಟ್ ಇಟ್ಟು ರಂಗಮಂದಿರದಲ್ಲಿ ಆಡಿದರೆ ಈ ರಕ್ಷಣೆ ಸಿಗದು. ಊರವರನ್ನೆಲ್ಲ ಕರೆಯುವ ಮೈದಾನದ ಪ್ರದರ್ಶನಕ್ಕೂ ಲಿಖಿತ ಒಪ್ಪಿಗೆ ಪಡೆದಿರುವುದೇ ಕ್ಷೇಮ.

ತಾಲೀಮು

ಆರರಿಂದ ಎಂಟು ವಾರ ಹಿಡಿಯಿರಿ. ಮೊದಲ ಹತ್ತು ದಿನ ಕುಳಿತು ಓದುವುದಷ್ಟೇ, ಆಮೇಲೆ ಚಲನೆ, ಕೊನೆಯ ವಾರ ಬೆಳಕು, ಉಡುಪು, ಸಂಗೀತ ಸೇರಿಸಿ ಪೂರ್ಣ ತಾಲೀಮು. ಬಯಲಿಗೆ ರಂಗಮಂದಿರದಂತೆ ಪಕ್ಕದ ಮರೆ ಇರುವುದಿಲ್ಲ. ಹಾಗಾಗಿ ಆರಂಭದಿಂದಲೇ ನೆಲದ ಮೇಲೆ ಸುಮಾರು 20 ಅಡಿ ಅಗಲ, 16 ಅಡಿ ಆಳದ ಚೌಕ ಗೀಚಿ, ಅದರೊಳಗೇ ಪ್ರವೇಶ ನಿರ್ಗಮನ ರೂಢಿ ಮಾಡಿಸಬೇಕು.

ದನಿಯ ತಾಲೀಮನ್ನು ಮೈದಾನದಲ್ಲೇ ನಡೆಸಿ. ನಿರ್ದೇಶಕರು ಕೊನೆಯ ಸಾಲಿನ ಆಚೆ ನಿಂತು ಕೇಳಲಿ. ಕನ್ನಡದಲ್ಲಿ ಕ್ರಿಯಾಪದ ಬರುವುದು ವಾಕ್ಯದ ತುದಿಗೆ, ನಟನ ಉಸಿರು ಸೋಲುವುದೂ ಅಲ್ಲೇ. ‘ಈ ಹೊಲ ನಾ ಬಿಡಾಂವಲ್ಲ’ ಎನ್ನುವಾಗ ಕೊನೆಯ ‘ಅಲ್ಲ’ ನುಂಗಿಹೋದರೆ ಹಟ ಹೋಗಿ ಶರಣಾಗತಿ ಕೇಳಿಸುತ್ತದೆ.

ಬೆಳಕಿನ ಲೆಕ್ಕ

1,000 ವ್ಯಾಟ್‌ನ ಒಂದು ಪಾರ್ ದೀಪ 230 ವೋಲ್ಟ್‌ನಲ್ಲಿ ಸುಮಾರು 4.3 ಆಂಪಿಯರ್ ಎಳೆಯುತ್ತದೆ. 15 ಆಂಪಿಯರ್ ಸಾಕೆಟ್ಟಿಗೆ ಅಂಥವು ಮೂರೇ. ಹನ್ನೆರಡು ದೀಪಕ್ಕೆ 12 ಕಿಲೋವ್ಯಾಟ್ ಬೇಕು. ಶಾಲೆಯ ಸಾಮಾನ್ಯ ಸಂಪರ್ಕಕ್ಕೆ ಅದು ಹೊರೆ. ಕಡಿಮೆ ವಿದ್ಯುತ್ತಿನ ಎಲ್‌ಇಡಿ ದೀಪ ಒಯ್ಯಿರಿ, ಇಲ್ಲವೇ ಜನರೇಟರ್‌ಗೆ ಬಜೆಟ್ಟಿನಲ್ಲಿ ಹಣ ಇಡಿ. ವೈರಿಂಗ್ ಸ್ಥಿತಿಯನ್ನು ಎಲೆಕ್ಟ್ರಿಷಿಯನ್ ಮುಂಚಿತವಾಗಿ ನೋಡಿರಲಿ.

ಸಾಗಣೆ ಮತ್ತು ಕಾಲ

ಒಂದೇ ಟೆಂಪೊದಲ್ಲಿ ಹಿಡಿಯದ ಸಜ್ಜಿಕೆ ಮಾಡಬೇಡಿ. ಮಡಚುವ ಚೌಕಟ್ಟು, ಪೆಟ್ಟಿಗೆಯಂಥ ಮಟ್ಟಗಳು ಸಾಕು. ಕಥೆಗೆ ಮಡಕೆ ಕುಡಿಕೆ ಬೇಕಿದ್ದರೆ ಬೆಳಗಾವಿಯಿಂದ ಹೊತ್ತೊಯ್ದು ಒಡೆದುಕೊಳ್ಳುವ ಅಗತ್ಯವಿಲ್ಲ, ಖಾನಾಪುರ ಕುಂಬಾರಿಕೆಗೇ ಹೆಸರಾದ ಊರು. ಪಶ್ಚಿಮ ಘಟ್ಟದ ಸೆರಗಿನ ಆ ತಾಲ್ಲೂಕಿನಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಯಲು ಪ್ರದರ್ಶನದ ಮಾತೇ ಬೇಡ. ನವೆಂಬರ್‌ನಿಂದ ಫೆಬ್ರವರಿ ಸೂಕ್ತ. ಸಂಜೆ ಏಳಕ್ಕೆ ಶುರು ಮಾಡಿ ಒಂದೂವರೆ ಗಂಟೆಯಲ್ಲಿ ಮುಗಿಸಿದರೆ ಪಕ್ಕದ ಹಳ್ಳಿಯವರೂ ಹೊತ್ತಿಗೆ ಮನೆ ಸೇರುತ್ತಾರೆ.

ಊರೂರು ಸುತ್ತುವ ಈ ಕ್ರಮವನ್ನು ಹೆಗ್ಗೋಡಿನ ನೀನಾಸಂ ತಿರುಗಾಟ 1985ರಿಂದ ನಡೆಸಿ ತೋರಿಸಿದೆ. ಅದರ ಪಾಠ ವಿದ್ಯಾರ್ಥಿ ತಂಡಕ್ಕೂ ಸಲ್ಲುತ್ತದೆ: ನಾಟಕವನ್ನು ಮೊದಲು ಖಾನಾಪುರದ ಮೈದಾನಕ್ಕೆಂದು ಕಟ್ಟಿ, ಆಮೇಲೆ ಬೆಳಗಾವಿಗೆ ತನ್ನಿ. ಬಯಲಿಗೆ ಹೊಂದಿದ್ದನ್ನು ಮಂದಿರಕ್ಕೆ ಹಿಗ್ಗಿಸಲು ಹೆಚ್ಚು ಹೊತ್ತು ಬೇಡ; ಮಂದಿರಕ್ಕೆಂದೇ ಕಟ್ಟಿದ್ದನ್ನು ಬಯಲಿಗೆ ಇಳಿಸಲು ತಾಲೀಮನ್ನೇ ಮತ್ತೆ ಮಾಡಬೇಕಾಗುತ್ತದೆ.