ದಾಳ ಹಾಕುವ ಕೈ ಯಾರದು?

ಪಾಪಿನಾಯಕನಹಳ್ಳಿಯಿಂದ ಹೊಸಪೇಟೆಯ ಮಾರ್ಗವಾಗಿ ಹಂಪೆಗೆ ಹೋಗುವವರು ಅಲ್ಲಿಯ ಮಂಟಪಗಳ ನೆಲಗಲ್ಲುಗಳಲ್ಲಿ ಕೊರೆದ ಆಟದ ಮನೆಗಳನ್ನು ಕಾಣಬಹುದು. ಮನೆಗಳು ಉಳಿದಿವೆ, ಆಡಿದ ಕೈಗಳ ಕುರುಹಿಲ್ಲ. ಆಟದ ನ್ಯಾಯವಾದರೋ ಆ ಕೈಯನ್ನೇ ಅವಲಂಬಿಸಿದೆಯೆಂದು ನಾವು ಭಾವಿಸುತ್ತೇವೆ.

ಚೌಕಾಬಾರದಲ್ಲಿ 4 ಕವಡೆಗಳನ್ನು ಪ್ರತಿಯೊಬ್ಬನೂ ತಾನೇ ಹಾಕುತ್ತಾನೆ. ಎಲ್ಲವೂ ಅಂಗಾತ ಬಿದ್ದರೆ ಚೌಕ, ಅಂದರೆ 4. ಬೋರಲು ಬಿದ್ದರೆ ಬಾರ, ಅಂದರೆ 8. ಕಾಯಿ ಕಳೆದುಕೊಂಡವನು ಎದುರಾಳಿಯ ಕವಡೆಗಳನ್ನು ಕಣ್ಣಾರೆ ಕಂಡಿರುತ್ತಾನೆ.

ಸಭಾಪರ್ವದಲ್ಲಿ ಪಣವೊಡ್ಡಿದವನು ದುರ್ಯೋಧನ, ದಾಳ ಹಾಕಿದವನು ಶಕುನಿ. ಒಬ್ಬನಿಗಾಗಿ ಮತ್ತೊಬ್ಬನು ಆಡುವುದು ಸಮವಲ್ಲವೆಂದು ಯುಧಿಷ್ಠಿರನು ಆಕ್ಷೇಪಿಸಿದನು, ಆಕ್ಷೇಪಿಸಿಯೂ ಆಡಿದನು. ಶಕುನಿಯ ಕಪಟವನ್ನು ಎಲ್ಲರೂ ಹೇಳುವರು. ಈ ಆಕ್ಷೇಪವನ್ನು ನೆನೆಯುವವರು ವಿರಳ.

1974ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ‘ಡಂಜನ್ಸ್ ಅಂಡ್ ಡ್ರಾಗನ್ಸ್’ ಎಂಬ ಪಾತ್ರಾಭಿನಯದ ಆಟದಲ್ಲಿ ಶತ್ರುಗಳ ಪರವಾಗಿ ನಿರ್ವಾಹಕನು, ಹಲವೊಮ್ಮೆ ತಡಿಕೆಯ ಮರೆಯಲ್ಲಿ, ದಾಳ ಹಾಕುವನು. 2004ರ ಒಂದು ಪೂರಕ ಗ್ರಂಥವು ಎಲ್ಲ ದಾಳಗಳನ್ನೂ ಆಟಗಾರರಿಗೇ ಒಪ್ಪಿಸುವ ಪರ್ಯಾಯವನ್ನು ಸೂಚಿಸಿತು. ಶತ್ರುವಿನ ಹೊಡೆತದ ಬಲವು ಸ್ಥಿರ ಸಂಖ್ಯೆಯಾಗುವುದು. ಅದನ್ನು ತಪ್ಪಿಸಿಕೊಳ್ಳಲು ಆಟಗಾರನು 20 ಮುಖಗಳ ದಾಳವನ್ನು ಹಾಕುವನು. ಸಂಖ್ಯೆಯನ್ನು ಸರಿಯಾಗಿ ಹೊಂದಿಸಿದರೆ ಪೆಟ್ಟು ತಗಲುವ ಸಂಭವವು ಎಳ್ಳಷ್ಟೂ ಬದಲಾಗದು. ಆದರೆ ಪೆಟ್ಟು ತಿಂದವನಿಗೆ ನಿರ್ವಾಹಕನನ್ನು ಶಂಕಿಸಲು ಕಾರಣವುಳಿಯದು. ಕರುಣೆಯಿಂದ ಒಂದು ಹೊಡೆತವನ್ನು ಮರೆಮಾಚುವ ಅವಕಾಶವು ನಿರ್ವಾಹಕನಿಗೂ ಉಳಿಯದು.