ಅಂಕಿತ ಹಿಡಿದು ಹುಡುಕಿದ ಕವಿಗಳು

ಕಳೆದ ಶತಮಾನದ ಆರಂಭದಲ್ಲಿ ಉತ್ತರ ಕರ್ನಾಟಕದ ಮಠಗಳಲ್ಲಿ, ಹಳೆಯ ಮನೆತನಗಳ ದೇವರ ಜಗಲಿಗಳ ಮೇಲೆ ತಾಡೋಲೆಯ ಕಟ್ಟುಗಳು ಬಟ್ಟೆ ಸುತ್ತಿಕೊಂಡು ಕೂತಿದ್ದವು. ಅವಕ್ಕೆ ವಿಭೂತಿ ಹಚ್ಚಿ ಹೂವು ಏರಿಸುವವರಿದ್ದರು, ಬಿಚ್ಚಿ ಓದುವವರು ಕಡಿಮೆ. ಅವುಗಳಲ್ಲಿದ್ದ ವಚನಗಳಲ್ಲಿ ಕೆಲವು ಆಗಲೇ ಅಚ್ಚಾಗಿದ್ದರೂ ಬಹುಪಾಲು ಆ ಕಟ್ಟುಗಳ ಒಳಗೇ ಉಳಿದಿತ್ತು. ವಿಜಾಪುರದ ವಕೀಲ ಫಕೀರಪ್ಪ ಗುರುಬಸಪ್ಪ ಹಳಕಟ್ಟಿ ಅವನ್ನು ಹುಡುಕಿಕೊಂಡು ಮನೆಮನೆಗೆ ಹೋದರು. ಕೊಟ್ಟವರಿಂದ ಪಡೆದರು, ಕೊಡದವರ ಮನೆಯಲ್ಲೇ ಕೂತು ನಕಲು ಮಾಡಿಕೊಂಡರು.

ತಾಡೋಲೆ ಓದುವುದು ಸುಲಭದ ಕೆಲಸವಲ್ಲ. ಕಂಟವೆಂಬ ಲೋಹದ ಲೇಖನಿಯಿಂದ ಕೊರೆದ ಅಕ್ಷರಗಳಿಗೆ ಮಸಿ ಸವರಿದರೆ ಮಾತ್ರ ಬರಹ ಕಣ್ಣಿಗೆ ಬೀಳುತ್ತದೆ. ಪದಗಳ ನಡುವೆ ಬಿಡುವಿಲ್ಲ. ಎಕಾರ ಏಕಾರ, ಒಕಾರ ಓಕಾರಗಳಿಗೆ ಬೇರೆ ಗುರುತಿಲ್ಲ. ಹುಳು ತಿಂದ ತೂತು, ಮುರಿದ ಅಂಚು ಬೇರೆ. ಒಂದೇ ಕಟ್ಟಿನಲ್ಲಿ ಹತ್ತಾರು ಜನರ ಮಾತು ಒಂದರ ಬೆನ್ನಿಗೊಂದು ಸಾಗುತ್ತದೆ. ಹೀಗಿರುವಾಗ ಯಾವ ಮಾತು ಯಾರದು ಎಂದು ತಿಳಿಯುವುದು ಹೇಗೆ?

ದಾರಿ ತೋರಿಸಿದ್ದು ಅಂಕಿತ. ವಚನದ ಕೊನೆಗೆ ಬರುವ ದೇವರ ಹೆಸರೇ ಹೇಳಿದವರ ಗುರುತು. ಕೂಡಲಸಂಗಮದೇವ ಎಂದರೆ ಬಸವಣ್ಣ, ಗುಹೇಶ್ವರ ಎಂದರೆ ಅಲ್ಲಮ, ಚೆನ್ನಮಲ್ಲಿಕಾರ್ಜುನ ಎಂದರೆ ಅಕ್ಕಮಹಾದೇವಿ. ಅಂಕಿತಗಳನ್ನು ಒಂದೊಂದಾಗಿ ಗುರುತಿಸುತ್ತ ಹೋದಂತೆ, ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣದ ಸುತ್ತ ಸೇರಿದ್ದ ಜನ ಓಲೆಗಳ ಒಳಗಿಂದ ಒಬ್ಬೊಬ್ಬರಾಗಿ ಎದ್ದು ಬಂದರು.

1923ರಲ್ಲಿ ‘ವಚನಶಾಸ್ತ್ರಸಾರ’ದ ಮೊದಲ ಭಾಗ ಬೆಳಗಾವಿಯಲ್ಲಿ ಅಚ್ಚಾಯಿತು. ಮುಂದಿನ ಪುಸ್ತಕಗಳಿಗೆ ಬೇರೆಯವರ ಮುದ್ರಣಾಲಯ ನೆಚ್ಚಿ ಕೂರುವುದು ಬೇಡವೆಂದು ಹಳಕಟ್ಟಿಯವರು ಇದ್ದ ಮನೆ ಮಾರಿ 1925ರಲ್ಲಿ ‘ಹಿತಚಿಂತಕ’ ಮುದ್ರಣಾಲಯ ತೆರೆದರು. 1926ರಲ್ಲಿ ‘ಶಿವಾನುಭವ’ ಪತ್ರಿಕೆ ಶುರುವಾಯಿತು. ಅದೇ ವರ್ಷ ಬಳ್ಳಾರಿಯ ಕನ್ನಡ ಸಾಹಿತ್ಯ ಸಮ್ಮೇಳನ ಅವರನ್ನು ಅಧ್ಯಕ್ಷರನ್ನಾಗಿ ಆರಿಸಿತು.

ಅವರು ತಮ್ಮ ಪುಸ್ತಕವನ್ನು ಕಾವ್ಯವೆಂದು ಕರೆಯಲಿಲ್ಲ, ಶಾಸ್ತ್ರವೆಂದರು. ವಚನಗಳನ್ನು ವಿಷಯಕ್ಕೆ ತಕ್ಕಂತೆ ಜೋಡಿಸಿದರು. ಓದುಗರಿಗೆ ಸಿಕ್ಕಿದ್ದು ಮಾತ್ರ ಶಾಸ್ತ್ರಕ್ಕಿಂತ ಹೆಚ್ಚಿನದು. ಕಾವ್ಯವೆಂದರೆ ಏನು ಎಂಬ ನಮ್ಮ ತಿಳಿವಳಿಕೆಯನ್ನೇ ಆ ಓಲೆಗಳು ಬದಲಿಸಿದವು ಎಂದು ನಾನು ನಂಬಿದ್ದೇನೆ.

ವಚನಗಳಿಗೂ ಹಿಂದೆ ಕನ್ನಡದಲ್ಲಿ ಕವಿ ತನ್ನನ್ನು ಹೇಗೆ ಪರಿಚಯಿಸಿಕೊಳ್ಳುತ್ತಿದ್ದ ನೋಡಿ. 941ರ ಹೊತ್ತಿನಲ್ಲಿ ಪಂಪ ತನ್ನ ಭಾರತ ಬರೆದಾಗ ಆಶ್ರಯದಾತ ಅರಿಕೇಸರಿಯನ್ನು ಅರ್ಜುನನೊಂದಿಗೆ ಸಮೀಕರಿಸಿದ, ತನ್ನ ವಂಶದ ಹಿರಿಯರನ್ನೂ ಕಾವ್ಯದೊಳಗೆ ನೆನೆದ. ವಂಶ, ಅರಸ, ಪಾಂಡಿತ್ಯ ಮೂರೂ ಸೇರಿ ಅವನು ಯಾರೆಂದು ಹೇಳುತ್ತಿದ್ದವು. ಪಂಪ ದೊಡ್ಡ ಕವಿ, ಅದರಲ್ಲಿ ಎರಡು ಮಾತಿಲ್ಲ. ಆದರೆ ಅರಸನ ಆಸ್ಥಾನಕ್ಕೆ ಕಾಲಿಡಲಾಗದವರು ಏನೆಂದು ಬರೆದುಕೊಳ್ಳಬೇಕಿತ್ತು? ಅವರಿಗೆ ಹೇಳಿಕೊಳ್ಳಲು ವಂಶವಿರಲಿಲ್ಲ, ಹೊಗಳಲು ದೊರೆಯಿರಲಿಲ್ಲ.

ಉತ್ತರ ಅಂಕಿತಗಳಲ್ಲಿದೆ. ಅಕ್ಕಿ ಆಯುವ ಕಾಯಕದ ಲಕ್ಕಮ್ಮನ ಅಂಕಿತ ‘ಮಾರಯ್ಯಪ್ರಿಯ ಅಮರೇಶ್ವರಲಿಂಗ’. ಗಂಡನ ಹೆಸರು, ದೇವರ ಹೆಸರು ಎರಡೂ ಅದರಲ್ಲಿವೆ. ಆ ಗಂಡ ಮಾರಯ್ಯ ಕಾಯಕದಲ್ಲಿ ತಪ್ಪಿದಾಗ ಎಚ್ಚರಿಸುವವಳೂ ಅವಳೇ. ನೂಲುವ ರೆಮ್ಮವ್ವೆ ಕದಿರನ್ನು ಅಂಕಿತಕ್ಕೇ ತಂದಳು. ಸೂಳೆ ಸಂಕವ್ವೆಯ ಒಂದೇ ಒಂದು ವಚನ ಉಳಿದಿದೆ, ಅಂಕಿತ ‘ನಿರ್ಲಜ್ಜೇಶ್ವರ’. ಲೋಕ ಯಾವ ಹೆಸರಿಟ್ಟು ಅವಳನ್ನು ಕುಗ್ಗಿಸಿತ್ತೋ ಆ ಬದುಕಿನಿಂದಲೇ ಅವಳು ತನ್ನ ದೇವರನ್ನು ಕರೆದಳು. ಅಂಬಿಗರ ಚೌಡಯ್ಯ ಇವರೆಲ್ಲರಿಗಿಂತ ಬೇರೆ. ಅವನು ದೇವರ ಹೆಸರನ್ನೂ ಬಿಟ್ಟು ತನ್ನ ಕಸುಬು, ತನ್ನ ಹೆಸರನ್ನೇ ಅಂಕಿತ ಮಾಡಿಕೊಂಡ. ದೋಣಿ ನಡೆಸುವವನು ತನ್ನ ಮಾತಿಗೆ ತಾನೇ ಸಾಕ್ಷಿ ನಿಂತ ಆ ಧೈರ್ಯ ಇವತ್ತಿಗೂ ಮೈ ನವಿರೇಳಿಸುತ್ತದೆ.

ಇವರಲ್ಲಿ ಯಾರೂ ಛಂದಸ್ಸಿನ ಕಟ್ಟಿಗೆ ಮಾತನ್ನು ಒಗ್ಗಿಸಲಿಲ್ಲ. ಆಡುಮಾತಿನ ಲಯವೇ ಅವರ ಲಯ. ದಿನವೂ ಕೈಯಲ್ಲಿ ಹಿಡಿಯುವ ಉಪಕರಣವೇ ಅವರ ಉಪಮೆ. ಹುಟ್ಟಿದ ಕುಲ ಕೊಟ್ಟ ಗುರುತನ್ನು ಬದಿಗಿಟ್ಟು, ಮಾಡುವ ಕೆಲಸ ಮತ್ತು ನಂಬಿದ ದೇವರ ನಡುವೆ ತಾವು ಯಾರೆಂದು ಹೇಳಿಕೊಂಡರು. ಕವಿತೆಗೂ ‘ನಾನು’ ಎಂಬುದಕ್ಕೂ ಇರುವ ನಂಟು ಇಲ್ಲಿ ಸ್ಪಷ್ಟವಾಗಿ ಕಾಣುತ್ತದೆ. ತಾನು ಯಾರೆಂದು ಮೊದಲೇ ತಿಳಿದುಕೊಂಡು ಆಮೇಲೆ ಬರೆದವರು ಇವರಲ್ಲ. ಹೇಳುತ್ತ ಹೇಳುತ್ತಲೇ ತಾವು ಯಾರೆಂಬುದನ್ನು ಕಟ್ಟಿಕೊಂಡರು, ಆಡಿದ ಪ್ರತಿ ಮಾತಿಗೂ ಕೊನೆಯಲ್ಲಿ ರುಜು ಹಾಕಿ ಹೊಣೆ ಹೊತ್ತರು. ನನ್ನ ಮಟ್ಟಿಗೆ ಕವಿತೆಯೆಂದರೆ ಇದೇ: ಹೇಳಿದವರು ತಪ್ಪಿಸಿಕೊಳ್ಳಲಾಗದಂಥ ಮಾತು.

ಹಳಕಟ್ಟಿಯವರ ನಂತರ ಹುಡುಕಾಟ ನಿಲ್ಲಲಿಲ್ಲ. 1993ರಲ್ಲಿ ಎಂ.ಎಂ. ಕಲಬುರ್ಗಿಯವರ ಪ್ರಧಾನ ಸಂಪಾದಕತ್ವದಲ್ಲಿ ಕರ್ನಾಟಕ ಸರ್ಕಾರ ಸಮಗ್ರ ವಚನಗಳನ್ನು 15 ಸಂಪುಟಗಳಲ್ಲಿ ಹೊರತಂದಿತು. 20,000ಕ್ಕೂ ಹೆಚ್ಚು ವಚನಗಳು ಅಲ್ಲಿವೆ. ಶರಣೆಯರಿಗೇ ಒಂದು ಸಂಪುಟ ಮೀಸಲು, 30ಕ್ಕೂ ಹೆಚ್ಚು ಹೆಣ್ಣುಮಕ್ಕಳ ದನಿ ಅದರಲ್ಲಿದೆ. ಅಂಕಿತ ಮಾತ್ರ ಸಿಕ್ಕು, ಹೇಳಿದವರು ಯಾರೆಂದು ಗೊತ್ತಾಗದ ವಚನಗಳೂ ಸಂಪುಟಗಳಲ್ಲಿ ಸೇರಿವೆ. ಅವರ ಊರು, ಕಾಲ, ಕಾಯಕ ಯಾವುದೂ ನಮಗೆ ತಿಳಿದಿಲ್ಲ, ಆದರೂ ಆ ಒಂದು ಅಂಕಿತ ಅವರನ್ನು ಇನ್ನೊಬ್ಬರಲ್ಲಿ ಕರಗಿಹೋಗಲು ಬಿಟ್ಟಿಲ್ಲ.

ಭಾಷಣದಲ್ಲಿ, ಶುಭಾಶಯ ಪತ್ರದಲ್ಲಿ, ಗೋಡೆಬರಹದಲ್ಲಿ ವಚನದ ಚೆಂದದ ಎರಡು ಸಾಲು ಎತ್ತಿಕೊಂಡು ಅಂಕಿತ ಬಿಟ್ಟುಬಿಡುವುದು ಈಗ ರೂಢಿಯಾಗಿದೆ. ದಯವಿಟ್ಟು ಹಾಗೆ ಮಾಡಬೇಡಿ. ಓಲೆಗಳ ಕತ್ತಲೆಯಲ್ಲಿ ನೂರಾರು ವರ್ಷ ಒಬ್ಬ ನೂಲುವವಳನ್ನು, ಒಬ್ಬ ಅಂಬಿಗನನ್ನು ಕಾಪಾಡಿದ್ದು ಆ ಕೊನೆಯ ಮಾತು. ಮಕ್ಕಳಿಗೆ ವಚನ ಕಲಿಸುವಾಗ ಅಂಕಿತದವರೆಗೂ ಓದಿಸಿ, ಅದು ಯಾರದೆಂದೂ ತಿಳಿಸಿ.